ಗಂಟೆ ಲೆಕ್ಕದ ಮೇಷ್ಟ್ರಿಕೆ

ನನ್ನ ತರಗತಿಗೆ ಶುಲ್ಕವಿಲ್ಲ. ಹಾಜರಾತಿ ಕಡ್ಡಾಯವಲ್ಲ. ಇಲ್ಲಿ ಫೇಲಾಗುವ ಭಯವಿಲ್ಲ, ಕೊನೆಯವರೆಗೂ ಕೂತವರಿಗೆ ಡಿಗ್ರಿಯೂ ಸಿಗುವುದಿಲ್ಲ. ಆದರೂ ಸಂಜೆ ಆರೂವರೆಯ ಹೊತ್ತಿಗೆ ಕುರ್ಚಿಗಳು ತುಂಬಿಕೊಳ್ಳುತ್ತವೆ. ಹೋಟೆಲಿನ ಅಡುಗೆಮನೆಯಲ್ಲಿ ಬೆಳಿಗ್ಗೆಯಿಂದ ಪಾತ್ರೆ ತೊಳೆದು ಬಂದ ಮೆಕ್ಸಿಕೋದ ಹುಡುಗ, ಉಗುರಿಗೆ ಬಣ್ಣ ಹಚ್ಚುವ ಸಲೂನಿನಿಂದ ನೇರವಾಗಿ ಬಂದ ವಿಯೆಟ್ನಾಮಿನ ಹೆಂಗಸು, ಕಾಬೂಲಿನಲ್ಲಿ ವಕೀಲರಾಗಿದ್ದು ಇಲ್ಲಿ ಟ್ಯಾಕ್ಸಿ ಓಡಿಸುವ ಹಿರಿಯರು, ಮೊಮ್ಮಗುವನ್ನು ಮಗಳ ಕೈಗೆ ಒಪ್ಪಿಸಿ ಓಡಿ ಬಂದ ಚೀನಾದ ಅಜ್ಜಿ. ಇವರೆಲ್ಲರಿಗೆ ನಾನು ಇಂಗ್ಲಿಷ್ ಕಲಿಸುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದ ಒಂದು ಕಮ್ಯೂನಿಟಿ ಕಾಲೇಜಿನ ವಯಸ್ಕರ ಶಿಕ್ಷಣ ವಿಭಾಗದಲ್ಲಿ ನಾನು ಅರೆಕಾಲಿಕ ಶಿಕ್ಷಕಿ.

ನಮ್ಮೂರು ಸಾಗರಕ್ಕೆ ಫೋನ್ ಮಾಡಿದಾಗಲೆಲ್ಲ ಚಿಕ್ಕಪ್ಪನದು ಒಂದೇ ಪ್ರಶ್ನೆ: "ಕಾಲೇಜಲ್ಲಿ ಪಾಠ ಮಾಡ್ತೀನಿ ಅಂತೀಯ, ಬೇಸಿಗೇಲಿ ಸಂಬಳ ಇಲ್ಲ ಅಂತೀಯ. ಎಂಥ ಕೆಲಸನೇ ಅದು?" ಫೋನಿನಲ್ಲಿ ಹೇಳಿ ಮುಗಿಯುವ ಉತ್ತರವಲ್ಲ ಅದು. ಇಲ್ಲಿ ಬರೆಯುತ್ತಿದ್ದೇನೆ.

ಯಾರು ಬೇಕಾದರೂ ಬರಬಹುದಾದ ಕಾಲೇಜು

ನಮ್ಮ ಕಡೆಯ ಜೂನಿಯರ್ ಕಾಲೇಜು, ಐಟಿಐ, ಡಿಪ್ಲೊಮಾ, ರಾತ್ರಿ ಶಾಲೆ ಈ ನಾಲ್ಕೂ ಒಂದೇ ಕಾಂಪೌಂಡಿನೊಳಗೆ ಇದ್ದರೆ ಅದೇ ಕಮ್ಯೂನಿಟಿ ಕಾಲೇಜು. ಖರ್ಚಿನ ಬಹುಪಾಲು ಸರ್ಕಾರದ್ದು. ಸೇರಲು ಪ್ರವೇಶ ಪರೀಕ್ಷೆ ಇಲ್ಲ, ಕಟ್-ಆಫ್ ಅಂಕವಿಲ್ಲ. ಈ ಬಗೆಯ ಸಾರ್ವಜನಿಕ ಕಾಲೇಜುಗಳಲ್ಲಿ ಇಂದಿಗೂ ನಡೆಯುತ್ತಿರುವ ಅತ್ಯಂತ ಹಳೆಯದು ಇಲಿನಾಯ್ ರಾಜ್ಯದ ಜೋಲಿಯೆಟ್ ಜೂನಿಯರ್ ಕಾಲೇಜು, 1901ರದು. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರ ಓದಿಗೆ 1944ರ ಜಿ.ಐ. ಕಾಯ್ದೆ ಹಣ ಒದಗಿಸಿತು. ಮನೆಯಿಂದಲೇ ಹೋಗಿಬರುವಷ್ಟು ಹತ್ತಿರದಲ್ಲಿ, ಬಡವರ ಕೈಗೆಟುಕುವ ಕಾಲೇಜುಗಳು ಎಲ್ಲ ಕಡೆ ಇರಬೇಕೆಂದು ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರಲ್ಲಿ ಶಿಫಾರಸು ಮಾಡಿತು. ಆಮೇಲೆ ಇವು ದೇಶದ ತುಂಬ ಹಬ್ಬಿದವು. ಕ್ಯಾಲಿಫೋರ್ನಿಯಾ ಒಂದರಲ್ಲೇ ಈಗ 116 ಕಾಲೇಜುಗಳಿವೆ, ಸುಮಾರು 20 ಲಕ್ಷ ವಿದ್ಯಾರ್ಥಿಗಳಿದ್ದಾರೆ. ಈ ಕಾಲೇಜುಗಳನ್ನು ನಡೆಸುವುದು 73 ಕಾಲೇಜು ಜಿಲ್ಲೆಗಳು. ಜಿಲ್ಲೆ ಎಂದಾಕ್ಷಣ ಡಿ.ಸಿ. ಕಚೇರಿಯನ್ನು ನೆನೆಯಬೇಡಿ. ಒಂದೋ ಕೆಲವೋ ಕಾಲೇಜುಗಳನ್ನು ನೋಡಿಕೊಳ್ಳುವ, ಜನ ಮತ ಹಾಕಿ ಆರಿಸಿದ ಆಡಳಿತ ಮಂಡಳಿ ಇರುವ ಘಟಕ ಅದು.

ಇಲ್ಲಿನ ತರಗತಿಗಳಲ್ಲಿ ಎರಡು ಬಗೆ. ಒಂದು ಕ್ರೆಡಿಟ್ ತರಗತಿ. ಅದಕ್ಕೆ ಶುಲ್ಕವಿದೆ, ಗ್ರೇಡ್ ಇದೆ. ಎರಡು ವರ್ಷ ಓದಿ ಬರ್ಕ್ಲಿಯಂಥ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಹೋಗಿ ಸೇರಿದವರಿದ್ದಾರೆ. ಇನ್ನೊಂದು ನಾನ್-ಕ್ರೆಡಿಟ್. ಕ್ಯಾಲಿಫೋರ್ನಿಯಾದಲ್ಲಿ ಇದು ಪೂರ್ತಿ ಉಚಿತ. ವಲಸಿಗರಿಗೆ ಇಂಗ್ಲಿಷ್, ಪೌರತ್ವ ಪರೀಕ್ಷೆಯ ತಯಾರಿ, ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟವರಿಗೆ ಜಿಇಡಿ, ಸಣ್ಣಪುಟ್ಟ ಉದ್ಯೋಗ ತರಬೇತಿ ಎಲ್ಲವೂ ಇದರಲ್ಲಿ ಬರುತ್ತವೆ. ಜಿಇಡಿ ಎಂಬುದು ಹೈಸ್ಕೂಲಿಗೆ ಸಮನಾದ ಪರೀಕ್ಷೆ. ಓದು ಬಿಟ್ಟು ಸೈನ್ಯ ಸೇರಿದ ಹುಡುಗರಿಗಾಗಿ 1942ರಲ್ಲಿ ಹುಟ್ಟಿದ್ದು, ಈಗ ಯಾರು ಬೇಕಾದರೂ ಕಟ್ಟಬಹುದು.

ವಯಸ್ಕರಿಗೆ ಕಲಿಸುವ ರೂಢಿ ಇಲ್ಲಿ ಈ ಕಾಲೇಜುಗಳಿಗಿಂತ ಹಳೆಯದು. ಚಿನ್ನದ ಆಸೆಗೆ ಜಗತ್ತಿನ ಎಲ್ಲ ಮೂಲೆಗಳಿಂದ ಜನ ಬಂದು ತುಂಬಿದ್ದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1856ರಲ್ಲೇ ಒಂದು ಸಂಜೆ ಶಾಲೆ ಶುರುವಾಗಿತ್ತು. ಸೇಂಟ್ ಮೇರೀಸ್ ಕ್ಯಾಥೆಡ್ರಲ್ಲಿನ ನೆಲಮಾಳಿಗೆಯಲ್ಲಿ ಐರಿಷ್, ಇಟಾಲಿಯನ್, ಚೀನೀ ವಲಸಿಗರು ಕೂತು ಕಲಿಯುತ್ತಿದ್ದರು. ಇಂದು ನನ್ನೆದುರು ಕೂರುವವರ ದೇಶಗಳು ಬದಲಾಗಿವೆ, ಅಷ್ಟೆ.

ನಾಳೆ ಬೆಳಿಗ್ಗೆಗೆ ಬೇಕಾದ ಪಾಠ

ಎಂ.ಎ.ಯಲ್ಲಿ ನಾನು ಓದಿದ್ದು ಷೇಕ್ಸ್‌ಪಿಯರ್, ಮಿಲ್ಟನ್. ಇಲ್ಲಿ ಕಲಿಸುವುದು ಸಂಬಳದ ಚೀಟಿ. ಒಂದು ವಾರ ಪೂರ್ತಿ ಅದೇ. ಒಟ್ಟು ಗಳಿಕೆ ಯಾವ ಸಾಲಿನಲ್ಲಿದೆ, ಸೋಶಿಯಲ್ ಸೆಕ್ಯುರಿಟಿ ಪಿಂಚಣಿಗೆ ಹಿಡಿದ ಶೇ 6.2 ಎಲ್ಲಿದೆ, ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರಿನ ಶೇ 1.45 ಯಾವುದು, ಕೈಗೆ ಬರುವುದು ಎಷ್ಟು. ಕ್ಯಾಲಿಫೋರ್ನಿಯಾದಲ್ಲಿ ದಿನಕ್ಕೆ 8 ಗಂಟೆ ಮೀರಿ ದುಡಿಸಿಕೊಂಡರೆ ಒಂದೂವರೆ ಪಟ್ಟು ಕೂಲಿ ಕೊಡಬೇಕೆಂಬ ನಿಯಮವೂ ಆ ಪಾಠದಲ್ಲಿ ಬರುತ್ತದೆ. ಒಮ್ಮೆ ಪಾತ್ರೆ ತೊಳೆಯುವ ಹುಡುಗ ತನ್ನ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಟೀಚರ್, ಈ ಸಾಲು ನನ್ನದರಲ್ಲಿ ಇಲ್ಲ" ಎಂದ. ಮಾಲೀಕನನ್ನು ಕೇಳುವುದು ಹೇಗೆ? ಜಗಳವಾಡದೆ, ಬೇಡಿಕೊಳ್ಳದೆ ಕೇಳಬೇಕು. ಆ ಸಂಜೆಯ ಉಳಿದ ಪಾಠವೆಲ್ಲ ಮೂರು ವಾಕ್ಯಗಳ ಅಭ್ಯಾಸ. ಒಬ್ಬರು ಮಾಲೀಕ, ಒಬ್ಬರು ಆಳು, ಜೋಡಿ ಬದಲಾಯಿಸಿ ಮತ್ತೆ. ಮುಂದಿನ ಚೀಟಿಯಲ್ಲಿ ಆ ಸಾಲು ಬಂತು.

ಹೀಗೆಯೇ ಕ್ಲಿನಿಕ್ಕಿನ ಫಾರ್ಮ್ ತುಂಬುವುದು, ಬಾಡಿಗೆ ಕರಾರು ಓದುವುದು, ಮಗುವಿಗೆ ಜ್ವರ ಎಂದು ಶಾಲೆಗೆ ಫೋನ್ ಮಾಡುವುದು, ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ ವಿಳಾಸ ಹೇಳುವುದು. ವ್ಯಾಕರಣವೂ ಇದೆ, ಆದರೆ ಅದು ಇವುಗಳ ಬೆನ್ನ ಹಿಂದೆ ಬರುತ್ತದೆ. "ನಿನ್ನೆ ಹೊಟ್ಟೆನೋವು ಬಂತು" ಮತ್ತು "ನಿನ್ನೆಯಿಂದ ಹೊಟ್ಟೆನೋವಿದೆ" ಈ ಎರಡರ ವ್ಯತ್ಯಾಸ ಡಾಕ್ಟರ ಮುಂದೆ ಕೂತಾಗ ದೊಡ್ಡದು. ಹಾಗೆ ಹೇಳಿದರೆ ಕ್ರಿಯಾಪದದ ಕಾಲ ತಲೆಗೆ ಹತ್ತುತ್ತದೆ.

ಯಾವ ಭಾಷೆಯಲ್ಲೂ ಓದು ಬರಹ ಕಲಿಯದೆ ಬಂದವರದು ಬೇರೆ ಗುಂಪು. ನಮ್ಮ ಪಕ್ಕದ ಓಕ್ಲೆಂಡಿನಲ್ಲಿ ಗ್ವಾಟೆಮಾಲದಿಂದ ಬಂದ ಮಾಮ್ ಭಾಷಿಕರು ಬಹಳ. ಅವರಲ್ಲಿ ಎಷ್ಟೋ ಜನಕ್ಕೆ ಸ್ಪ್ಯಾನಿಷ್ ಕೂಡ ಎರಡನೇ ಭಾಷೆ. ಪೆನ್ಸಿಲ್ ಹಿಡಿಯುವುದರಿಂದ ಶುರುಮಾಡಬೇಕು. ಮೊದಲು ಅವರವರ ಹೆಸರು, ಆಮೇಲೆ ಫೋನ್ ನಂಬರು, ಆಮೇಲೆ ಮನೆ ವಿಳಾಸ. ಅಕ್ಷರಮಾಲೆ ಅದರ ನಂತರ. ಮೊಮ್ಮಕ್ಕಳನ್ನು ಕಂಡವರಿಂದ 'ಎ ಫಾರ್ ಆ್ಯಪಲ್' ಹೇಳಿಸಿದರೆ ಮರುದಿನ ಅವರು ಬರುವುದಿಲ್ಲ. ಎದ್ದು ನಿಂತು ಗಟ್ಟಿಯಾಗಿ ಓದಿ ಎಂದು ಯಾರನ್ನೂ ಏಕಾಏಕಿ ಕರೆಯುವುದೂ ಇಲ್ಲ. ಮಕ್ಕಳಿಗೆ ಅವಮಾನವಾದರೆ ಅಳುತ್ತವೆ, ದೊಡ್ಡವರಿಗೆ ಅವಮಾನವಾದರೆ ತರಗತಿಯನ್ನೇ ಬಿಡುತ್ತಾರೆ.

ಉಚ್ಚಾರಣೆಯ ತೊಡಕೂ ಒಬ್ಬೊಬ್ಬರಿಗೆ ಒಂದೊಂದು. ವಿಯೆಟ್ನಾಮಿನವರು ಪದದ ಕೊನೆಯ ವ್ಯಂಜನವನ್ನು ನುಂಗಿಬಿಡುತ್ತಾರೆ. ರೈಸ್, ರೈಟ್, ರೈಡ್ ಮೂರೂ ಅವರ ಬಾಯಲ್ಲಿ 'ರೈ'. ಸ್ಪ್ಯಾನಿಷ್ ಮಾತಾಡುವವರು ಸ್ಕೂಲನ್ನು 'ಎಸ್ಕೂಲ್' ಎನ್ನುತ್ತಾರೆ. ನಮ್ಮೂರಿನಲ್ಲಿ 'ಇಸ್ಕೂಲು' ಕೇಳಿ ಬೆಳೆದ ನನಗೆ ಅದನ್ನು ತಿದ್ದುವಾಗ ಒಳಗೊಳಗೇ ನಗು.

ಹಾವೇರಿ ಕಡೆಯ ಒಬ್ಬ ತಾಯಿಯೂ ಗ್ರೀನ್ ಕಾರ್ಡಿನ ಮೇಲೆ ಮಗನ ಮನೆಗೆ ಬಂದು, ನನ್ನ ತರಗತಿ ಸೇರಿದ್ದರು. ಸೇರಿದ ದಿನ ಕಾರಣ ಕೇಳಿದೆ. "ಮೊಮ್ಮಗ ಕನ್ನಡ ಮಾತಾಡಂಗಿಲ್ರಿ ಅಕ್ಕೋರ. ಅವಂಗ ಕನ್ನಡ ಬರೂತನಕ ನಾ ಬಾಯಿ ಮುಚ್ಕೊಂಡು ಕುಂಡ್ರೂದೇನು? ನಾನ ಇಂಗ್ಲಿಷ್ ಕಲೀತೀನಿ ತಗೋರಿ" ಎಂದರು. ಅವರಿಗೆ ಇನ್ನೊಂದು ಹಟವಿತ್ತು. ಮೊಣಕಾಲು ನೋವನ್ನು ಡಾಕ್ಟರಿಗೆ ತಾವೇ ಹೇಳಬೇಕು, ಮಗ ಪ್ರತಿಸಲ ರಜೆ ಹಾಕಿ ಜೊತೆಗೆ ಬರಬಾರದು. ಮೆಟ್ಟಿಲು ಹತ್ತುವಾಗ ಹೆಚ್ಚು, ಕೂತಾಗ ಕಡಿಮೆ, ರಾತ್ರಿ ಉರಿ. ಈ ಮೂರನ್ನು ಹೇಳುವಷ್ಟು ಇಂಗ್ಲಿಷನ್ನು ಅವರು ಒಂದು ಸೆಮಿಸ್ಟರಿನೊಳಗೆ ಗಳಿಸಿಕೊಂಡರು. ನನ್ನ ಮಟ್ಟಿಗೆ ಅದೇ ರ‍್ಯಾಂಕು.

ಹಾಜರಿ ಪುಸ್ತಕದ ಗಣಿತ

ವಿದ್ಯಾರ್ಥಿ ದುಡ್ಡು ಕೊಡದಿದ್ದ ಮೇಲೆ ಕಾಲೇಜು ನಡೆಯುವುದು ಹೇಗೆ? ಹಾಜರಿಯಿಂದ. ನಾನ್-ಕ್ರೆಡಿಟ್ ತರಗತಿಯಲ್ಲಿ ಪ್ರತಿ ವಿದ್ಯಾರ್ಥಿ ಕೂತ ಪ್ರತಿ ಗಂಟೆಯನ್ನೂ ಬರೆದಿಡಬೇಕು. ಅಂಥ 525 ಗಂಟೆಗಳು ಸೇರಿದರೆ ಸರ್ಕಾರದ ಲೆಕ್ಕದಲ್ಲಿ ಒಬ್ಬ ಪೂರ್ಣಾವಧಿ ವಿದ್ಯಾರ್ಥಿ. ಇಪ್ಪತ್ತೈದು ಮಂದಿ ಮೂರು ಗಂಟೆಯಂತೆ ಏಳು ಸಂಜೆ ಕೂತರೆ ಸರಿಯಾಗಿ 525. ಆ ಲೆಕ್ಕಕ್ಕೆ ರಾಜ್ಯ ಹಣ ಕೊಡುತ್ತದೆ.

ಇದರ ಮೇಲೆ ಕೇಂದ್ರ ಸರ್ಕಾರದ ಅನುದಾನ. 2014ರ ಉದ್ಯೋಗ ಮತ್ತು ಕೌಶಲ ಕಾಯ್ದೆಯ ಎರಡನೇ ಭಾಗ ವಯಸ್ಕರ ಶಿಕ್ಷಣಕ್ಕೆ ಮೀಸಲು. ಇದಕ್ಕೆ ಹಾಜರಿ ಸಾಲದು, ಕಲಿತದ್ದನ್ನು ತೋರಿಸಬೇಕು. ಕಾಸಾಸ್ ಎಂಬ ಪರೀಕ್ಷೆಯನ್ನು ಸೇರಿದಾಗ ಒಮ್ಮೆ, ಕೆಲವು ವಾರಗಳ ಪಾಠದ ನಂತರ ಇನ್ನೊಮ್ಮೆ ಕೊಡುತ್ತೇವೆ. ಅಂಕ ಏರಿದರೆ ಸಂಸ್ಥೆಗೆ ಹಣ. ಎರಡನೇ ಪರೀಕ್ಷೆಯ ದಿನ ವಿದ್ಯಾರ್ಥಿಗೆ ರಾತ್ರಿ ಪಾಳಿ ಬಿದ್ದರೆ, ಅವನು ಎಷ್ಟೇ ಕಲಿತಿರಲಿ, ಲೆಕ್ಕಕ್ಕೆ ಸಿಗುವುದಿಲ್ಲ. 2015ರಿಂದ ರಾಜ್ಯವೇ ವಯಸ್ಕರ ಶಿಕ್ಷಣಕ್ಕೆ ಪ್ರತ್ಯೇಕವಾಗಿ 50 ಕೋಟಿ ಡಾಲರು ತೆಗೆದಿಡಲು ಶುರುಮಾಡಿತು. ಶಾಲಾ ಜಿಲ್ಲೆಗಳು ನಡೆಸುವ ವಯಸ್ಕರ ಶಾಲೆಗಳೂ ಕಾಲೇಜುಗಳೂ ಕೂತು ಅದನ್ನು ಹಂಚಿಕೊಳ್ಳುತ್ತವೆ.

ಹಾಗಾಗಿ ನನ್ನ ಕೆಲಸದ ಒಂದು ದೊಡ್ಡ ಪಾಲು ತಲೆ ಎಣಿಸುವುದು. ಸೆಮಿಸ್ಟರಿನ ಆರಂಭದಲ್ಲಿ ಮೂವತ್ತು ಮಂದಿ ಇರುತ್ತಾರೆ. ಕ್ರಿಸ್‌ಮಸ್ಸಿಗೆ ಮುಂಚೆ ಗೋದಾಮುಗಳಲ್ಲಿ ಹೆಚ್ಚಿನ ಕೆಲಸ ಸಿಗುತ್ತದೆ, ಆರು ಜನ ಕಾಣೆಯಾಗುತ್ತಾರೆ. ಮಗುವನ್ನು ನೋಡಿಕೊಳ್ಳುವವರು ಸಿಗದೆ ಇಬ್ಬರು. ವಲಸೆ ಅಧಿಕಾರಿಗಳ ದಾಳಿಯ ಸುದ್ದಿ ಹಬ್ಬಿದ ವಾರ ಇನ್ನಷ್ಟು. ತರಗತಿಯಲ್ಲಿ ನಾನು ಯಾರ ವೀಸಾವನ್ನೂ ಕೇಳುವುದಿಲ್ಲ, ಆದರೂ ಹೆದರಿಕೆ ಹೆದರಿಕೆಯೇ. ಬಾರದವರಿಗೆ ಫೋನ್ ಮಾಡುತ್ತೇನೆ. ತಲೆಗಳು ಕಡಿಮೆಯಾದರೆ ತರಗತಿ ರದ್ದು. ತರಗತಿ ರದ್ದಾದರೆ ನನ್ನ ಸಂಬಳವೂ ರದ್ದು.

ಶೇ 67ರ ಬೇಲಿ

ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಇಲ್ಲಿದೆ. ಅರೆಕಾಲಿಕ ಶಿಕ್ಷಕಿಗೆ ಸಂಬಳ ತರಗತಿಯಲ್ಲಿ ನಿಂತ ಗಂಟೆಗೆ. ಪಾಠದ ತಯಾರಿ, ಬರವಣಿಗೆ ತಿದ್ದುವುದು, ಬಾರದವರಿಗೆ ಫೋನ್ ಮಾಡುವುದು ಎಲ್ಲ ಆ ಗಂಟೆಯ ದರದೊಳಗೇ ಬಂದುಹೋಯಿತು ಎಂದು ಲೆಕ್ಕ. ಆಗಸ್ಟಿನಿಂದ ಡಿಸೆಂಬರ್, ಜನವರಿಯಿಂದ ಮೇ ಎರಡು ಸೆಮಿಸ್ಟರ್. ಪ್ರತಿ ಸೆಮಿಸ್ಟರಿಗೂ ಹೊಸ ನೇಮಕ ಪತ್ರ. ಸಾಕಷ್ಟು ಮಂದಿ ಸೇರಿದರೆ ಮಾತ್ರ ಈ ತರಗತಿ ಎಂಬ ಷರತ್ತು ಅದರಲ್ಲಿ ತಪ್ಪುವುದಿಲ್ಲ. ಕಾಯಂ ಅಧ್ಯಾಪಕರೊಬ್ಬರ ತರಗತಿ ತುಂಬದಿದ್ದರೆ ನನ್ನ ತರಗತಿಯನ್ನು ಅವರಿಗೆ ಕೊಡಬಹುದು. ಶುರುವಾಗಲು ಒಂದು ವಾರವಿದ್ದಾಗ ಹಾಗೆ ಕಳೆದುಕೊಂಡದ್ದೂ ಇದೆ.

ಒಂದೇ ಕಡೆ ಹೆಚ್ಚು ತರಗತಿ ತೆಗೆದುಕೊಳ್ಳಬಾರದೇ ಎಂದು ಕೇಳಬಹುದು. ಕಾನೂನು ಬಿಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅರೆಕಾಲಿಕ ಶಿಕ್ಷಕರು ಒಂದು ಕಾಲೇಜು ಜಿಲ್ಲೆಯಲ್ಲಿ ಕಾಯಂ ಅಧ್ಯಾಪಕರ ಹೊರೆಯ ಶೇ 67ಕ್ಕಿಂತ ಹೆಚ್ಚು ಪಾಠ ಮಾಡುವಂತಿಲ್ಲ. 2009ಕ್ಕೆ ಮುಂಚೆ ಇದು ಶೇ 60 ಇತ್ತು. ಶೇ 85ಕ್ಕೆ ಏರಿಸುವ ಮಸೂದೆ 2021ರಲ್ಲಿ ಶಾಸನಸಭೆಯಲ್ಲಿ ಪಾಸಾಯಿತು, ಖರ್ಚು ಹೆಚ್ಚುತ್ತದೆಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಲಿಲ್ಲ. ಕಾಯಂ ಹುದ್ದೆಗಳನ್ನು ತುಂಬದೆ ಅರೆಕಾಲಿಕರಿಂದಲೇ ಪೂರ್ತಿ ದುಡಿಸಿಕೊಳ್ಳುವುದನ್ನು ತಪ್ಪಿಸಲು ಇಟ್ಟ ಬೇಲಿ ಇದು. ಕಾಯಂ ಹುದ್ದೆ ಹೆಚ್ಚಲಿಲ್ಲ, ಬೇಲಿ ಮಾತ್ರ ಉಳಿಯಿತು. ಆದ್ದರಿಂದ ನಾವು ಒಂದು ಜಿಲ್ಲೆಯಲ್ಲಿ ಬೆಳಿಗ್ಗೆ ಪಾಠ ಮುಗಿಸಿ, ಹೆದ್ದಾರಿ 880ರ ಟ್ರಾಫಿಕ್ಕಿನಲ್ಲಿ ಕಾರಿನಲ್ಲೇ ಚಿತ್ರಾನ್ನ ತಿಂದು, ಸಂಜೆಗೆ ಪಕ್ಕದ ಜಿಲ್ಲೆಯಲ್ಲಿ ಹಾಜರಾಗುತ್ತೇವೆ. ನಮ್ಮಂಥವರನ್ನು ಇಲ್ಲಿ 'ಫ್ರೀವೇ ಫ್ಲೈಯರ್' ಎಂದೇ ಕರೆಯುತ್ತಾರೆ. ಕಾರಿನ ಡಿಕ್ಕಿಯೇ ನಮ್ಮ ಸ್ಟಾಫ್ ರೂಮು.

ಇದು ನಾಲ್ಕು ಜನರ ಕತೆಯೇನಲ್ಲ. ಅಮೆರಿಕದ ಸಾರ್ವಜನಿಕ ಕಮ್ಯೂನಿಟಿ ಕಾಲೇಜುಗಳಲ್ಲಿ ಪಾಠ ಮಾಡುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅರೆಕಾಲಿಕರು. ಕ್ರೆಡಿಟ್ ಪಾಠಗಳ ಶೇ 75 ಗಂಟೆಗಳನ್ನು ಕಾಯಂ ಅಧ್ಯಾಪಕರೇ ಮಾಡಬೇಕೆಂದು ಕ್ಯಾಲಿಫೋರ್ನಿಯಾ 1988ರಲ್ಲೇ ಗುರಿ ಇಟ್ಟುಕೊಂಡಿತು. ಆ ಗುರಿಯಲ್ಲಿ ನಾನ್-ಕ್ರೆಡಿಟ್ ತರಗತಿಗಳ ಮಾತೇ ಇಲ್ಲ. ವಯಸ್ಕರಿಗೆ ಕಲಿಸುವವರನ್ನು ಆ ಲೆಕ್ಕದಿಂದಲೇ ಹೊರಗಿಟ್ಟರು.

ಒಳ್ಳೆಯದನ್ನೂ ಹೇಳಬೇಕು. ಗಂಟೆಯ ದರ ಕೂಲಿ ಕೆಲಸಕ್ಕಿಂತ ಎಷ್ಟೋ ಹೆಚ್ಚು. ನಮಗೆ ಸಂಘವಿದೆ. ಮುಂದಿನ ಸೆಮಿಸ್ಟರ್ ಖಾತ್ರಿ ಇಲ್ಲದ ಅರೆಕಾಲಿಕರು ರಜೆಯ ತಿಂಗಳುಗಳಲ್ಲಿ ನಿರುದ್ಯೋಗ ಭತ್ಯೆಗೆ ಅರ್ಹರು ಎಂದು ಕ್ಯಾಲಿಫೋರ್ನಿಯಾದ ನ್ಯಾಯಾಲಯ 1989ರಲ್ಲಿ ತೀರ್ಪು ಕೊಟ್ಟಿದೆ. 2022ರ ಬಜೆಟ್ಟಿನಲ್ಲಿ ರಾಜ್ಯ ಅರೆಕಾಲಿಕರ ಆರೋಗ್ಯ ವಿಮೆಗೆ ವರ್ಷಕ್ಕೆ 20 ಕೋಟಿ ಡಾಲರು ಹೆಚ್ಚುವರಿಯಾಗಿ ಇಟ್ಟಿತು. ಇವೆಲ್ಲ ಶಿಕ್ಷಕರು ಕೂಗಿ ಕೇಳಿ ಪಡೆದವು.

ಅಮ್ಮನ 50 ರೂಪಾಯಿ

ಮದುವೆಗೆ ಮುಂಚೆ ನನ್ನ ಅಮ್ಮ ರಾತ್ರಿ ಶಾಲೆ ನಡೆಸುತ್ತಿದ್ದಳು. 1978ರ ಗಾಂಧಿ ಜಯಂತಿಯಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭವಾಯಿತಲ್ಲ, 15ರಿಂದ 35 ವರ್ಷದವರಿಗಾಗಿ, ಅದರಲ್ಲಿ. ತಿಂಗಳಿಗೆ 50 ರೂಪಾಯಿ ಗೌರವಧನ. ಅಡಿಕೆ ಸುಲಿದು, ಗದ್ದೆ ಕೆಲಸ ಮುಗಿಸಿ ಬಂದ ಹೆಂಗಸರು ಲಾಟೀನಿನ ಸುತ್ತ ಕೂತು ಸ್ಲೇಟು ಹಿಡಿಯುತ್ತಿದ್ದರಂತೆ. ರೇಷನ್ ಅಂಗಡಿಯವನು ಕಾರ್ಡಿನಲ್ಲಿ ಏನು ಬರೆದ ಎಂದು ಓದುವುದಕ್ಕೇ ಅವರೆಲ್ಲ ಬಂದದ್ದು ಎಂದು ಅಮ್ಮ ಈಗಲೂ ಹೇಳುತ್ತಾಳೆ. ನನ್ನ ವಿದ್ಯಾರ್ಥಿಗಳ ಸಂಬಳದ ಚೀಟಿಗೂ ಆ ರೇಷನ್ ಕಾರ್ಡಿಗೂ ನಡುವೆ ನನಗೆ ಹೆಚ್ಚು ದೂರ ಕಾಣುವುದಿಲ್ಲ.

ನಾನು ಎಂ.ಎ. ಮುಗಿಸಿ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ವರ್ಷವರ್ಷವೂ ಹೊಸದಾಗಿ ಅರ್ಜಿ, ಕಾರ್ಯಭಾರ ಇದ್ದರೆ ಕೆಲಸ, ಕಾಯಂ ಅಧ್ಯಾಪಕರು ವರ್ಗವಾಗಿ ಬಂದರೆ ಮನೆಗೆ. ನಾನು ಬಿಟ್ಟುಬಂದ ಮೇಲೆ, 2022ರ ಜನವರಿಯಲ್ಲಿ, 11 ಸಾವಿರ, 13 ಸಾವಿರವಿದ್ದ ಮಾಸಿಕ ಗೌರವಧನ ಅರ್ಹತೆ ಮತ್ತು ಅನುಭವದ ಮೇಲೆ 32 ಸಾವಿರದವರೆಗೆ ಏರಿತು. ಸೇವೆ ಕಾಯಂ ಮಾಡಿ ಎಂದು 2023ರ ಕೊನೆಯಲ್ಲಿ ನನ್ನ ಹಳೆಯ ಸಹೋದ್ಯೋಗಿಗಳು ಮತ್ತೆ ಧರಣಿ ಕೂತರು. ಇಲ್ಲಿ ನಮ್ಮ ಸಂಘದ ಸಭೆಯಲ್ಲಿ ಕೇಳುವ ಮಾತುಗಳನ್ನೇ ಅವರೂ ಆಡುತ್ತಿದ್ದರು.

ಅಮ್ಮನಿಂದ ನನ್ನವರೆಗೆ, ಸಾಗರದಿಂದ ಕ್ಯಾಲಿಫೋರ್ನಿಯಾದವರೆಗೆ ನೋಡಿದ ಮೇಲೆ ನನಗೆ ತೋರುವುದು ಇಷ್ಟು. ವಯಸ್ಕರ ಶಿಕ್ಷಣವನ್ನು ಎಲ್ಲ ಸರ್ಕಾರಗಳೂ ಹೊಗಳುತ್ತವೆ, ಅದನ್ನು ಬಿಡುವಿನ ವೇಳೆಯ ಸೇವೆ ಎಂದೇ ನಡೆಸುತ್ತವೆ. ಶಿಕ್ಷಕರು ಸೆಮಿಸ್ಟರಿಗೊಮ್ಮೆ ಬದಲಾದರೂ ಕಾಲೇಜಿನ ಹುಡುಗರು ಹೇಗೋ ಪರೀಕ್ಷೆ ಪಾಸು ಮಾಡಿಕೊಳ್ಳುತ್ತಾರೆ, ಅವರಿಗೆ ಡಿಗ್ರಿಯ ಆಸೆ ಇದೆ. ಎರಡು ಕೆಲಸದ ನಡುವೆ ಬಿಡುವು ಮಾಡಿಕೊಂಡು ಬರುವವರನ್ನು ಹಿಡಿದಿಡುವುದು ಪರಿಚಯದ ಮುಖವೊಂದೇ. ಖಾತ್ರಿ ಇರುವ ಶಿಕ್ಷಕರು ಹೆಚ್ಚು ಬೇಕಾದ ಕಡೆಯೇ ಖಾತ್ರಿ ಇಲ್ಲದವರನ್ನು ಇಟ್ಟಿದ್ದೇವೆ.

ಸೇರುವವರಿಗೆ, ಕಲಿಸುವವರಿಗೆ

ಗಂಡನ ಉದ್ಯೋಗ ವೀಸಾದ ಜೊತೆಗೆ ಸಿಗುವ ಎಚ್-4 ವೀಸಾದಲ್ಲಿ ಬಂದು ಮನೆಯಲ್ಲೇ ಉಳಿದ ಕನ್ನಡದ ಹೆಣ್ಣುಮಕ್ಕಳು ಈ ಕೆಲಸದ ಬಗ್ಗೆ ಆಗಾಗ ವಿಚಾರಿಸುತ್ತಾರೆ. ಎಚ್-4ರಲ್ಲಿದ್ದರೂ ಓದಬಹುದು, ಇಂಗ್ಲಿಷ್ ಬೋಧನೆಯ ಸರ್ಟಿಫಿಕೇಟನ್ನು ನಾನು ಹಾಗೆಯೇ ಮಾಡಿಕೊಂಡೆ. ಕೆಲಸಕ್ಕೆ ಮಾತ್ರ ಪರವಾನಗಿ ಬೇಕು. ಗ್ರೀನ್ ಕಾರ್ಡಿನ ಸರದಿಯಲ್ಲಿ ಒಂದು ಹಂತ ದಾಟಿದವರ ಸಂಗಾತಿಗೆ ಅದು 2015ರಿಂದ ಸಿಗುತ್ತಿದೆ. ನಾನ್-ಕ್ರೆಡಿಟ್ ಇಂಗ್ಲಿಷ್ ಕಲಿಸಲು ಇಂಗ್ಲಿಷ್, ಭಾಷಾಶಾಸ್ತ್ರ ಅಥವಾ ಶಿಕ್ಷಣದಂಥ ವಿಷಯದಲ್ಲಿ ಬಿ.ಎ. ಮಟ್ಟದ ಪದವಿ, ಜೊತೆಗೆ ಬೋಧನೆಯ ಸರ್ಟಿಫಿಕೇಟ್ ಸಾಕು. ಭಾರತದ ಪದವಿಗೆ ಇಲ್ಲಿ ಸಮಾನತೆಯ ಮೌಲ್ಯಮಾಪನ ಮಾಡಿಸಬೇಕು. ಸೇರುವ ಮುಂಚೆ ಬೆರಳಚ್ಚು ಕೊಡಬೇಕು, ಕ್ಷಯದ ಪರೀಕ್ಷೆಯನ್ನೂ ಮಾಡಿಸಬೇಕು. ಇದೊಂದೇ ಸಂಬಳವನ್ನು ನಂಬಿ ಕೊಲ್ಲಿ ಪ್ರದೇಶದಲ್ಲಿ ಬಾಡಿಗೆ ಕಟ್ಟುತ್ತೇನೆಂದು ಮಾತ್ರ ಹೊರಡಬೇಡಿ.

ಇನ್ನು ಅಪ್ಪ ಅಮ್ಮನನ್ನು ಕರೆಸಿಕೊಂಡವರಿಗೆ. ಆರು ತಿಂಗಳ ಪ್ರವಾಸಿ ವೀಸಾದಲ್ಲಿ ಬಂದವರು ಇಂಥ ಕೋರ್ಸಿಗೆ ಸೇರುವಂತಿಲ್ಲ. ಗ್ರೀನ್ ಕಾರ್ಡ್ ಇರುವವರು ಧಾರಾಳವಾಗಿ ಸೇರಬಹುದು. ಪೌರತ್ವ ಪರೀಕ್ಷೆ 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಕಷ್ಟವಾಗಿದೆ. ಮೊದಲು 100 ಪ್ರಶ್ನೆ ಓದಿಕೊಂಡು, ಕೇಳಿದ 10ರಲ್ಲಿ 6ಕ್ಕೆ ಉತ್ತರಿಸಿದರೆ ಸಾಕಿತ್ತು. ಈಗ 128 ಓದಬೇಕು, 20ರಲ್ಲಿ 12 ಸರಿಯಿರಬೇಕು. 50 ದಾಟಿ 20 ವರ್ಷ, ಅಥವಾ 55 ದಾಟಿ 15 ವರ್ಷ ಗ್ರೀನ್ ಕಾರ್ಡಿನಲ್ಲಿ ಕಳೆದವರು ದುಭಾಷಿಯ ಮೂಲಕ ಕನ್ನಡದಲ್ಲೇ ಉತ್ತರಿಸಬಹುದು. 65 ದಾಟಿ 20 ವರ್ಷ ಇದ್ದವರಿಗೆ ಓದಬೇಕಾದ ಪ್ರಶ್ನೆಗಳೂ ಕಡಿಮೆ.

ಪೌರತ್ವ ಬೇಡವಾದರೂ ಅವರನ್ನು ತರಗತಿಗೆ ಸೇರಿಸಿ. ಸಂಜೆ ಕಾರಿನಲ್ಲಿ ಬಿಟ್ಟು ಕರೆದುಕೊಂಡು ಬರುವುದಷ್ಟೇ ನಿಮ್ಮ ಪಾಲಿನ ಕೆಲಸ. ಡಾಕ್ಟರಿಗೆ ಮೊಣಕಾಲು ನೋವು ಹೇಳಿಕೊಳ್ಳಲು ಮಗನ ರಜೆಗೆ ಕಾಯಬೇಕಾದ ದಿನ ಅಲ್ಲಿಗೆ ಮುಗಿಯುತ್ತದೆ. ಶುಲ್ಕವಿಲ್ಲ, ವಯಸ್ಸಿನ ಮಿತಿಯಿಲ್ಲ. ಸೆಮಿಸ್ಟರ್ ಶುರುವಾಗುವುದು ಆಗಸ್ಟ್ ಮತ್ತು ಜನವರಿಯಲ್ಲಿ; ಬಹುತೇಕ ತರಗತಿಗಳಿಗೆ ನಡುವೆಯೂ ಸೇರಬಹುದು.